ಇಸಿಯು ಹೋದದ್ದು ಸರಿ, ಯಾಕೆ ಹೋಯ್ತು ಅಂತ ಯಾರು ನೋಡುದು?

ಸಂಪಾದಕರಿಗೆ ನಮಸ್ಕಾರ,

ಬದಿಯಡ್ಕ ಹತ್ರದಿಂದ ಬರೀತಾ ಇದ್ದೇನೆ. ಮಳೆಗಾಲ ಬಂತು ಅಂದ್ರೆ ನಮ್ಮಲ್ಲಿ ಅಡಿಕೆಗೆ ಕೊಳೆರೋಗದ ತಲೆಬಿಸಿ ಮೊದಲಿಂದ್ಲೂ ಉಂಟು, ಈಗ ಬೈಕಿನ ಇಸಿಯು ತಲೆಬಿಸಿಯೂ ಸೇರಿದೆ. 2020ರ ಎಪ್ರಿಲಲ್ಲಿ ಬಿಎಸ್ 6 ಅಂತ ಹೊಗೆಯ ಹೊಸ ನಿಯಮ ಬಂತಲ್ಲ, ಅದ್ರ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚುಕಮ್ಮಿ ಕಾರ್ಬುರೇಟರೇ ಇಲ್ಲ. ಪೆಟ್ರೋಲ್ ಎಷ್ಟು ಚಿಮ್ಮಬೇಕು, ಪ್ಲಗ್ ಯಾವಾಗ ಕಿಡಿ ಕೊಡಬೇಕು ಅಂತ ನೋಡಿಕೊಳ್ಳುದು ಈ ಇಸಿಯು, ಅಂದ್ರೆ ಇಂಜಿನ್ ಕಂಟ್ರೋಲ್ ಯುನಿಟ್, ಅಂಗೈಯಷ್ಟಿನ ಒಂದು ಕಪ್ಪು ಪೆಟ್ಟಿಗೆ. ಅಪ್ಪನ ಹಳೆ ಬೈಕ್ ನಿಂತ್ರೆ ಪ್ಲಗ್ ಬಿಚ್ಚಿ ಪಾಲಿಶ್ ಪೇಪರಲ್ಲಿ ಉಜ್ಜಿದ್ರೆ ಮನೆ ಮುಟ್ಟುತ್ತಿತ್ತು, ಇದಕ್ಕೆ ಎಂತ ಉಜ್ಜುದು ಮಾರಾಯ್ರೆ.

ಕಳೆದ ಆಟಿ ತಿಂಗಳಲ್ಲಿ ನೀರ್ಚಾಲು ಹತ್ರ ಬೈಕ್ ಪಕ್ಕನೆ ನಿಂತಿತು. ಸೆಲ್ಫ್ ತಿರುಗ್ತದೆ, ಆದ್ರೆ ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪ್ ಗುಂಯ್ ಅನ್ನುವ ಸದ್ದೇ ಇಲ್ಲ. ಪಿಕಪ್ಪಲ್ಲಿ ಹಾಕಿ ಸರ್ವಿಸ್ ಸೆಂಟರಿಗೆ ಕೊಂಡೋದೆ. ತುಳುವಿನಲ್ಲಿ ಕೇಳಿದ್ರೂ ಮಲಯಾಳದಲ್ಲಿ ಕೇಳಿದ್ರೂ ಉತ್ತರ ಒಂದೇ, ಇಸಿಯು ಹೋಗಿದೆ, ಬದಲು ಮಾಡ್ಬೇಕು. ಅದಕ್ಕೆ ಮೊದಲು ಎರಡು ಸಲ ಹೆಡ್‌ಲೈಟ್ ಬಲ್ಬ್ ಹೋಗಿತ್ತು, ಬ್ಯಾಟರಿ ಬದಿಯಲ್ಲಿ ಉಬ್ಬಿತ್ತು, ಇದನ್ನೆಲ್ಲ ನಾನೇ ಹೇಳಿದ್ದೇನೆ, ಅವರು ಹೂಂ ಹೂಂ ಅಂದ್ರು, ರಿಪೇರಿ ವಿವರ ಬರೆಯುವ ಜಾಬ್ ಕಾರ್ಡಲ್ಲಿ ಒಂದಕ್ಷರ ಬರೀಲಿಲ್ಲ. ಪಾರ್ಟ್ ಬರ್ಲಿಕ್ಕೆ 16 ದಿನ, ಬಿಲ್ಲು 13,000 ಚಿಲ್ಲರೆ.

ಹೊಸ ಇಸಿಯು ಹಾಕಿ ಒಂಬತ್ತನೇ ದಿನ ಇಂಜಿನ್ ಲೈಟ್ ಉರೀಲಿಕ್ಕೆ ಶುರು, ಸ್ಪೀಡ್ ಏರಿಸಿದ್ರೆ ಜರ್ಕ್. ಪುನಃ ಹೋದ್ರೆ ಪುನಃ ಅದೇ ಮಾತು, ಇದೂ ಹೋಗಿದೆ, ಎಲೆಕ್ಟ್ರಿಕಲ್ ಪಾರ್ಟಿಗೆ ವಾರಂಟಿ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಜರ್ಕ್ ಹೊಡೀತಾ ಹೊಡೀತಾ ಪೆರ್ಲದ ಒಬ್ಬ ಮೆಕ್ಯಾನಿಕ್ ಹತ್ರ ಕೊಂಡೋದೆ. ಅವರು ಇಸಿಯು ಮುಟ್ಲೇ ಇಲ್ಲ, ಬಲ್ಬ್ ಪದೇ ಪದೇ ಹೋಗ್ತದಾ ಅಂತ ಮೊದಲು ಕೇಳಿದ್ರು. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿದು ಎಕ್ಸಿಲೇಟರ್ ತಿರುಗಿಸಿದ್ರು. ಸ್ಲೋದಲ್ಲಿ 13.8 ವೋಲ್ಟ್, ಏರಿಸಿದ ಹಾಗೆ 15, 16, 16.7. ಹದಿನಾಲ್ಕೂವರೆ ಸುತ್ತಮುತ್ತ ನಿಲ್ಲಬೇಕಾದ್ದು ನಿಲ್ತಾ ಇಲ್ಲ, ಅಂದ್ರೆ ವೋಲ್ಟೇಜ್ ಹೆಚ್ಚಾಗದ ಹಾಗೆ ತಡೆಯುವ ರೆಗ್ಯುಲೇಟರ್ ಹಾಳು, ಬಲ್ಬ್ ಹೋಗುದು, ಬ್ಯಾಟರಿ ಉಬ್ಬುದು ಎಲ್ಲ ಇದ್ರಿಂದ್ಲೇ. ಅದರ ಸಾಕೆಟ್ ಎಳೆದ್ರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು, ಪಕ್ಕದ ಅರ್ತ್ ವೈರಿನ ತುದಿಯಲ್ಲಿ ಹಸಿರು ಮಿಶ್ರ ನೀಲಿ ಕಿಲುಬು, ಹೆಚ್ಚುಕಮ್ಮಿ ನಾವು ಅಡಿಕೆಗೆ ಬಿಡುವ ಬೋರ್ಡೋ ಮದ್ದಿಗೆ ಕಲಸುವ ಮೈಲುತುತ್ತಿನ ಬಣ್ಣ. ರೆಗ್ಯುಲೇಟರ್, ಸಾಕೆಟ್, ಕೂಲಿ ಎಲ್ಲ ಸೇರಿ 1,900. ಬೈಕ್ ಇವತ್ತಿಗೂ ಓಡ್ತಾ ಉಂಟು, ಅದೇ "ಹೋಗಿದೆ" ಅಂದ ಇಸಿಯುವಿನಲ್ಲಿ.

ಮೊದಲನೇ ಇಸಿಯು ನಿಜವಾಗಿ ಸುಟ್ಟಿರಬಹುದು, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಸುಟ್ಟದ್ದು ಯಾಕೆ ಅಂತ ನೋಡದೆ ಹೊಸದು ಕೂರಿಸಿದ್ರೆ ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ ಅಲ್ವಾ. ಮಂಗಳೂರಿನ ಗುಜರಿಯಿಂದ ಇಸಿಯು ಸೆಕೆಂಡ್‌ಹ್ಯಾಂಡ್ ತಂದ್ರೆ ಹೇಗೆ ಅಂತಲೂ ನಾನು ಕೇಳಿದ್ದೆ. ಪಾರ್ಟ್ ನಂಬರ್ ಕೊನೇ ಅಕ್ಷರದವರೆಗೆ ಒಂದೇ ಇರ್ಬೇಕು, ಕಳ್ಳತನ ತಡೆಯುವ ಇಮೊಬಿಲೈಸರ್ ಇದ್ದ ಬೈಕಾದ್ರೆ ಕೀ ಪುನಃ ಪೇರ್ ಮಾಡ್ಬೇಕು, ಅದಕ್ಕೆ ಇಸಿಯುಗೆ ಜೋಡಿಸುವ ಕಂಪೆನಿಯ ಸ್ಕ್ಯಾನರ್ ಬೇಕು, ಸ್ಕ್ಯಾನರ್ ನಮಗೆ ಕೊಡುವವರು ಯಾರು ಅಂದ್ರು ಆ ಮೆಕ್ಯಾನಿಕ್. ಒಳಗಿನ ಬೋರ್ಡಿಗೆ ಅಂಟು ಸುರಿದು ಸೀಲ್ ಮಾಡಿರ್ತಾರೆ, ಟಿವಿ ಬೋರ್ಡಿನ ಹಾಗೆ ಸುಲಭದಲ್ಲಿ ಬಿಚ್ಚಿ ಬೆಸುಗೆ ಹಾಕ್ಲಿಕ್ಕೆ ಆಗುದಿಲ್ಲ. ಇನ್ನೊಂದು, ಇಸಿಯು ಉಳೀಬೇಕಾದ್ರೆ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ವೈರ್ ಬಿಚ್ಚಿ ಇಡಿ, ವಾಟರ್ ಸರ್ವಿಸಲ್ಲಿ ಸೀಟಿನಡಿಗೆ ಪ್ರೆಶರ್ ಹೊಡೀಲಿಕ್ಕೆ ಬಿಡ್ಬೇಡಿ.

2022ರ ಡಿಸೆಂಬರಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರೈಟ್ ಟು ರಿಪೇರ್, ಅಂದ್ರೆ ರಿಪೇರಿಯ ಹಕ್ಕು ಅಂತ ಒಂದು ಪೋರ್ಟಲ್ ಮಾಡಿದೆ, ಅದರಲ್ಲಿ ವಾಹನವೂ ಸೇರಿದೆ. ಒಳ್ಳೇದೇ, ಆದ್ರೆ ಪೆರ್ಲದ ಮೆಕ್ಯಾನಿಕ್ಕಿಗೆ ವೈರಿಂಗ್ ಡಯಾಗ್ರಾಮು, ಸ್ಕ್ಯಾನರು ಕ್ರಯಕ್ಕಾದ್ರೂ ಸಿಕ್ಕಿದ್ರೆ ಅಲ್ವಾ ಪ್ರಯೋಜನ. ಇಸಿಯು ಬದಲು ಮಾಡುವ ಮೊದಲು ಚಾರ್ಜಿಂಗ್ ವೋಲ್ಟೇಜ್ ಎಷ್ಟು, ಇಸಿಯು ತೋರಿಸುವ ಫಾಲ್ಟ್ ಕೋಡ್ ಎಂತ ಅಂತ ಬರೆದು ಕೊಡ್ಬೇಕು, ಹಳೆ ಪಾರ್ಟ್ ಗಿರಾಕಿ ಕೈಗೇ ಕೊಡ್ಬೇಕು ಅಂತ ನಾನು ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ನನ್ನ ಹಳೇ ಇಸಿಯು ಕೇಳಿದ್ದಕ್ಕೆ ಸರ್ವಿಸ್ ಸೆಂಟರಿನವರು ಸ್ಕ್ರ್ಯಾಪಿಗೆ ಹೋಯ್ತು ಅಂದ್ರು. ಈಗ ನನ್ನ ಕೈಯಲ್ಲಿ ಇರುದು ಆ ಬಿಲ್ಲೂ ಜಾಬ್ ಕಾರ್ಡೂ ಮಾತ್ರ, ಕಾರ್ಡಲ್ಲಿ ಕಾರಣ ಬರೆಯುವ ಜಾಗ ಖಾಲಿ.

ಇತಿ,
ನಿಮ್ಮ ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ