ತಾನಾಗೇ ತಿರುಗಿತು ಅಂದೆಯಲ್ಲ

ಬೆಳಗಾವಿ
ಭಾನುವಾರ ರಾತ್ರಿ

ಮಗಳೇ,

ನಿನ್ನ ಕಾಕಾನ ಆಶೀರ್ವಾದ. ಮನೆಯ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ.

ಕಾದಾಟದ ಸ್ಪರ್ಧೆಗೆ ನೀವು ಮಾಡುತ್ತಿರೋ ರೋಬೋಟಿನ ಫೋಟೋ ನೋಡಿ ಖುಷಿಯಾಯಿತು. 15 ಕೆಜಿಯೊಳಗೆ ಮೋಟಾರು, ಬ್ಯಾಟರಿ, ಎದುರಾಳಿಗೆ ತಿರುಗಿ ಹೊಡೆಯುವ ಹಲ್ಲಿನ ಉಕ್ಕಿನ ಡ್ರಮ್ಮು, ಮೇಲಿನ ಕವಚ ಎಲ್ಲ ಕೂರಿಸುವುದು ಸಣ್ಣ ಕೆಲಸ ಅಲ್ಲ. ಆದರೆ ನಿನ್ನ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀಯ. "ಮೊನ್ನೆ ಟೇಬಲ್ ಮೇಲಿಟ್ಟಾಗ ಡ್ರಮ್ಮು ತಾನಾಗೇ ತಿರುಗಿಬಿಟ್ಟಿತು ಕಾಕಾ, ಎಲ್ಲರೂ ಹೆದರಿ ಆಮೇಲೆ ಬಿದ್ದು ಬಿದ್ದು ನಕ್ಕೆವು." ಅಷ್ಟು ಬರೆದು ನೀನು ಬಾಗಲಕೋಟೆಯ ಬಿಸಿಲಿಗೆ, ಹಾಸ್ಟೆಲಿನ ಸಾರಿಗೆ ಹೋಗಿದ್ದೀಯ. ನಾನು ಮಾತ್ರ ಆರು ದಿನದಿಂದ ಅಲ್ಲೇ ನಿಂತಿದ್ದೇನೆ.

ಆಗ ನಿನ್ನ ಕೈ ಎಲ್ಲಿತ್ತು? ಅದನ್ನು ಬರೆದಿಲ್ಲ.

ಡ್ರಮ್ಮು ಹಲ್ಲಿನ ತುದಿಯಿಂದ ತುದಿಗೆ 10 ಸೆಂ.ಮೀ., ನಿಮಿಷಕ್ಕೆ 6000 ಸುತ್ತು ಅಂದಿದ್ದೀಯ. ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಹಲ್ಲಿನ ತುದಿ ಗಂಟೆಗೆ 110 ಕಿ.ಮೀ. ದಾಟುತ್ತದೆ. ಖಾನಾಪುರ ರೋಡಿನಲ್ಲಿ ಆ ವೇಗದ ಕಾರಿನ ಮುಂದೆ ನೀನು ಕೈ ಚಾಚುತ್ತೀಯಾ? ವೇಗ ಎರಡು ಪಟ್ಟು ಮಾಡಿದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಇದನ್ನು ನೀನೇ ನನಗೆ ಕಲಿಸಬೇಕು. ಓದಿದವಳು ನೀನು.

ಉದ್ಯಮಬಾಗಿನಲ್ಲಿ ನಾನು ಮೊದಲು ಸೇರಿದ್ದು ತಗಡು ಒತ್ತಿ ಕತ್ತರಿಸುವ ಒಂದು ಪ್ರೆಸ್ ಶಾಪು. ಆ ಕೆಲಸ ಬಿಟ್ಟ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಬಿಟ್ಟೆ ಅನ್ನುವುದು ಮಾತ್ರ ಅರ್ಧ ಗೊತ್ತು. ಪವರ್ ಪ್ರೆಸ್ಸಿನಲ್ಲಿ ಒಂದು ದೊಡ್ಡ ಭಾರದ ಚಕ್ರ, ಫ್ಲೈವೀಲ್, ಸದಾ ತಿರುಗುತ್ತಿರುತ್ತದೆ. ಪೆಡಲ್ ತುಳಿದರೆ ಆ ಚಕ್ರವನ್ನು ಪ್ರೆಸ್ಸಿಗೆ ಜೋಡಿಸುವ ಕ್ಲಚ್ಚಿನ ಕೀ ಕೂತು, ಮೇಲಿನ ಭಾಗ ಒಂದೇ ಏಟು ಹೊಡೆದು ನಿಲ್ಲಬೇಕು. ಪೆಡಲನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಸಡಿಲಾದರೆ ಕೀ ಬಿಡುವುದಿಲ್ಲ, ಇನ್ನೊಂದು ಏಟು ಬೀಳುತ್ತದೆ. ನಮ್ಮ ಒಂದು ಮಷಿನ್ನಿನ ಸ್ಪ್ರಿಂಗ್ ಮುರಿದಿತ್ತು. ನಾನು ಸೆಟ್ಟರ್, ಮಷಿನ್ ಹೊಂದಿಸಿ ಕೊಡುವವನು. ಅದರ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆ. ಸೋಮವಾರ ಹೊಸ ಸ್ಪ್ರಿಂಗ್ ತಂದರಾಯಿತು ಅಂದುಕೊಂಡೆ. ಮೂರು ಸೋಮವಾರ ಹೋದವು. ಒಂದೆರಡು ಸಲ ಡಬಲ್ ಹೊಡೆಯಿತು ಕೂಡ. ಎಲ್ಲರೂ ನಕ್ಕೆವು, ಮಷಿನ್ನಿಗೆ ಜಾಸ್ತಿ ಹುರುಪು ಅಂತ.

ನಾಲ್ಕನೇ ವಾರ ನನ್ನ ಜೊತೆಗಾರನ ಬಲಗೈಯ ಎರಡು ಬೆರಳು ಹೋದವು.

ಸಾಹುಕಾರರು ಓಡಿ ಬಂದು ಕೇಳಿದಾಗ ನಾನು ಅಂದದ್ದು, "ತಾನಾಗೇ ಬಿತ್ತು." ನೀನು ಬರೆದ ಮಾತೇ. ಅವನನ್ನು ಆಸ್ಪತ್ರೆಗೆ ಒಯ್ದ ಗದ್ದಲದಲ್ಲಿ ನಾನು ಟ್ಯೂಬಿನ ತುಂಡು ಬಿಚ್ಚಿ ಚೊಣ್ಣದ ಕಿಸೆಗೆ ಹಾಕಿಕೊಂಡೆ. ಅದರ ಮೇಲೊಂದು ಹಳೆ ಪಂಕ್ಚರ್ ತೇಪೆ ಇತ್ತು. ಇವತ್ತಿಗೂ ಬೆರಳಿಗೆ ಅದರ ಅಂಚು ತಾಕಿದ ಹಾಗಾಗುತ್ತದೆ. ಅವನು ಆಮೇಲೆ ಮೂರನೇ ಗೇಟಿನ ಹತ್ತಿರ ಚಹಾ ಅಂಗಡಿ ಹಾಕಿದ. ಎಡಗೈಯಿಂದಲೇ ಚಹಾ ಸೋಸುತ್ತಿದ್ದ. ನಾನು ಸುಮ್ನೆ ಬೇರೆ ದಾರಿ ಹಿಡಿದು ಹೋಗುತ್ತಿದ್ದೆ. ಒಂದು ದಿನವೂ ಅಲ್ಲಿ ಕೂತು ಚಹಾ ಕುಡಿಯಲಿಲ್ಲ.

ಮಷಿನ್ನು ತಾನಾಗೇ ತಿರುಗುವುದಿಲ್ಲ ಅವ್ವಾ. ಯಾರೋ, ಏನೋ ಅದಕ್ಕೆ ತಿರುಗು ಅಂದಿರುತ್ತದೆ.

ನಿನ್ನ ಪತ್ರ ಮತ್ತೆ ಓದಿದೆ. ಗೆಳತಿ ರಿಮೋಟ್ ಆಫ್ ಮಾಡಿದ ಮೇಲೆ ತಿರುಗಿತು ಅಂದಿದ್ದೀಯ. ನಮ್ಮ ಪಕ್ಕದ ಮನೆಯ ಹುಡುಗ ಮದುವೆಗಳಲ್ಲಿ ಡ್ರೋನ್ ಹಾರಿಸುತ್ತಾನೆ, ಅವನನ್ನು ಕೇಳಿದೆ. ಸಿಗ್ನಲ್ ತಪ್ಪಿದರೆ ಏನು ಮಾಡಬೇಕೆಂದು, ರಿಮೋಟಿನ ಆಜ್ಞೆ ಹಿಡಿಯುವ ರಿಸೀವರಿಗೆ ಮೊದಲೇ ಹೇಳಿಡಬೇಕಂತೆ, ಫೇಲ್‌ಸೇಫ್ ಅಂತ. ಹೇಳಿಡದಿದ್ದರೆ ಕೆಲವು ರಿಸೀವರ್ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವಂತೆ. ನಿನಗೆ ಇದು ಗೊತ್ತಿರಬಹುದು. ಗೊತ್ತಿದ್ದೂ ಸೋಮವಾರ ಮಾಡಿದರಾಯಿತು ಅಂದುಕೊಂಡಿದ್ದೀಯೋ ಏನೋ, ಅದೇ ನನ್ನ ಚಿಂತೆ. ಡ್ರಮ್ಮಿನ ಬೆಲ್ಟ್ ಬಿಚ್ಚು, ಗಾಲಿಗಳನ್ನು ನೆಲದಿಂದ ಮೇಲೆತ್ತಿ ಇಡು, ಆಮೇಲೆ ರಿಮೋಟ್ ಆಫ್ ಮಾಡಿ ಮೋಟಾರುಗಳು ಏನು ಮಾಡುತ್ತವೆ ನೋಡು. ಹಾಕುವಾಗ ರಿಮೋಟ್ ಮೊದಲು, ರೋಬೋಟ್ ಆಮೇಲೆ. ತೆಗೆಯುವಾಗ ರೋಬೋಟ್ ಮೊದಲು.

ನೀವು ಹಾಕಿರೋ ಸಣ್ಣ ಸ್ವಿಚ್ಚನ್ನು ನಾನು ನಂಬುವುದಿಲ್ಲ. ಬ್ಯಾಟರಿಯ ತಂತಿಯ ನಡುವೆ ಕಿತ್ತು ಕೈಯಲ್ಲಿ ಹಿಡಿಯುವಂಥ ಲಿಂಕ್ ಇರಲಿ. ಅದು ನಿನ್ನ ಕಿಸೆಯಲ್ಲಿದ್ದರೆ ರೋಬೋಟ್ ಸತ್ತ ಹಾಗೆ. ಕವಚ ಬಿಚ್ಚಿ ಹುಡುಕಬೇಕಾದ ಜಾಗದಲ್ಲಿ ಇಡಬೇಡ, ಹೊರಗಿನಿಂದ, ಡ್ರಮ್ಮಿನ ಎದುರಿಗೆ ಬರದ ಕಡೆಯಿಂದ ಕೈಗೆ ಸಿಗಬೇಕು. ಲಿಂಕ್ ಕಿತ್ತ ಮೇಲೂ ಡ್ರಮ್ಮು ಪೂರ್ತಿ ನಿಲ್ಲುವ ತನಕ ಹತ್ತಿರ ಹೋಗಬೇಡ. ನಮ್ಮ ಫ್ಲೈವೀಲೂ ಮೋಟಾರು ಆಫ್ ಮಾಡಿದ ಮೇಲೆ ಬಹಳ ಹೊತ್ತು ತಿರುಗುತ್ತಿತ್ತು.

ಕವಚದ ಬಗ್ಗೆ ನೀನು ಕೇಳಿದ್ದೆ. ಹಾರ್ಡಾಕ್ಸ್ ಅನ್ನುವ ಗಟ್ಟಿ ಉಕ್ಕಿನ ಪ್ಲೇಟಿಗೆ ವೆಲ್ಡಿಂಗ್ ಮಾಡಿದರೆ ಶಾಖ ತಾಗಿದ ಜಾಗ ಮೆತ್ತಗಾಗುತ್ತದೆ. ಬೋಲ್ಟ್ ಹಾಕು, ನಡುವೆ ರಬ್ಬರ್ ಇಟ್ಟರೆ ಏಟು ಪೂರ್ತಿ ಒಳಗೆ ಹೋಗುವುದಿಲ್ಲ. ಮೇಲಿನ ಪಾಲಿಕಾರ್ಬೊನೇಟ್ ಹಾಳೆಯ ಬೋಲ್ಟಿಗೆ, ಸಡಿಲಾಗದಿರಲೆಂದು ಹಚ್ಚುವ ಅಂಟು ಲಾಕ್‌ಟೈಟ್ ಹಚ್ಚಬೇಡ, ಅದು ತಾಗಿದ ಕಡೆ ಹಾಳೆ ಬಿರುಕು ಬಿಡುತ್ತದೆ. ಉಬ್ಬಿದ ಲೀಪೋ ಬ್ಯಾಟರಿ ಮಂಚದ ಕೆಳಗಿದ್ದರೆ ನಾಳೆಯೇ ಹೊರಗೆ ತೆಗೆ. ಅದನ್ನು ಮತ್ತೆ ಚಾರ್ಜ್ ಮಾಡಬೇಡ. ಒಳ್ಳೆಯದನ್ನೂ ಚಾರ್ಜಿಗಿಟ್ಟು ಮಲಗಬೇಡ. ಇದೆಲ್ಲ ಸರಿ. ಇದು ಹೆಚ್ಚಾಗಿ ರೋಬೋಟ್ ಉಳಿಸುವ ಮಾತಾಯಿತು. ರೋಬೋಟ್ ಮುರಿದರೆ ಇನ್ನೊಂದು ಮಾಡಬಹುದು, ಅಲ್ವಾ?

ಕಾದಾಟದ ದಿನದ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅಲ್ಲಿ ಸುತ್ತಲೂ ಗೋಡೆ ಇರುತ್ತದೆ, ನೀವು ಹೊರಗೆ ನಿಂತಿರುತ್ತೀರಿ. ಟೇಬಲ್ಲಿಗೆ ಗೋಡೆ ಇಲ್ಲ. ಅಲ್ಲಿ ಸುತ್ತ ಇರೋದು ನಿಮ್ಮ ಮುಖಗಳು, ಕೈಗಳು. ಜಡೆ ಕಟ್ಟಿಕೋ, ವೇಲ್ ತೆಗೆದಿಡು ಅಂತ ನಿಮ್ಮವ್ವ ಹೇಳುವುದನ್ನೂ ನಾನೇ ಹೇಳಿಬಿಟ್ಟೆ. ಬೇಜಾರಾಗಬೇಡ. ಇದನ್ನು ಮಾಡಬೇಡ ಅಂತ ನಾನು ಬರೆಯುತ್ತಿಲ್ಲ. ಆ ಸಾಲನ್ನು ನೀನು ನಗುತ್ತಾ ಬರೆದೆ, ನಾನು ನಗುತ್ತಾ ಓದಲಾಗಲಿಲ್ಲ, ಅಷ್ಟೇ.

ಡ್ರಮ್ಮು ತಿರುಗದ ಹಾಗೆ ತಡೆಯುವ ಪಿನ್ನು ಮಾಡಿಸಬೇಕು ಅಂತ ನೀನು ಅಂದಿದ್ದೆ. ಮಾಡಿಸಬೇಡ, ನಾನೇ ಮಾಡುತ್ತೇನೆ. ನಮ್ಮ ಗಲ್ಲಿಯ ತುದಿಯಲ್ಲಿ ಲೇತ್ ಇದೆ, ಅರ್ಧ ಗಂಟೆ ಕೇಳಿದರೆ ಕೊಡುತ್ತಾರೆ. ಡ್ರಮ್ಮಿನ ತೂತು ಎಷ್ಟು ಎಂಎಂ, ಎರಡು ಬದಿಯ ಪ್ಲೇಟಿನ ನಡುವೆ ಎಷ್ಟು ಅಂತರ, ವರ್ನಿಯರ್ ಹಿಡಿದು ಬರೆದು ಕಳಿಸು. ತಲೆಗೆ ಕೆಂಪು ಬಣ್ಣ ಹಚ್ಚಿ ಮುಂದಿನ ವಾರ ನಿಮ್ಮಪ್ಪನ ಕೈಯಲ್ಲಿ ಕುಂದಾದ ಜೊತೆ ಕೊಡುತ್ತೇನೆ. ಅಳತೆ ತೆಗೆಯುವಾಗ ಬ್ಯಾಟರಿ ಹೊರಗಿರಲಿ.

ಮತ್ತೆ ಆ ದಿನ ಕೈ ಎಲ್ಲಿತ್ತು ಅಂತ ಬರಿ. ನಿಮ್ಮಪ್ಪನಿಗೆ ಹೇಳುವುದಿಲ್ಲ.

ನಿನ್ನ ಕಾಕಾ