ಲೆಕ್ಕ ಎಲ್ಲಿಗೆ ನಿಲ್ಲಿಸಿದರು ಅಂತ ಕೇಳು

ಚಿ. ಶ್ವೇತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಔಷಧ ಕಂಪನಿಯಲ್ಲಿ ಟ್ರಯಲ್ (ರೋಗಿಗಳ ಮೇಲೆ ಔಷಧ ಪರೀಕ್ಷಿಸುವ ಪ್ರಯೋಗ) ಡೇಟಾ ನೋಡುವ ಕೆಲಸ ಸಿಕ್ಕಿತು ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯ್ತು. ಒಂದು ಮಾತು ಹೇಳಬೇಕು ಅನ್ನಿಸಿತು.

‘ಸುಳ್ಳು ಬರಿ’ ಅಂತ ನಿನಗೆ ಯಾರೂ ಹೇಳಲಿಕ್ಕಿಲ್ಲ. ‘ಇದಕ್ಕೆ ಬೇರೆ ಕಾರಣ ಇರಬಹುದಲ್ವಾ?’ ಅಂತಾರೆ. ಹುಷಾರಾಗಿರಬೇಕಾದ್ದು ಅಲ್ಲಿ.

ವಯಾಕ್ಸ್ ಕಥೆಯನ್ನೇ ನೋಡು. ಮರ್ಕ್ ಕಂಪನಿಯ ನೋವಿನ ಮಾತ್ರೆ, 1999ರಲ್ಲಿ ಬಂತು. ಹಳೆಯ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗುತ್ತಿತ್ತು. ಅದನ್ನು ತಪ್ಪಿಸಲು ಹೊರಟಿದ್ದರು, ಉದ್ದೇಶ ಒಳ್ಳೆಯದೇ. 2000ದಲ್ಲಿ ಸುಮಾರು 8,000 ರೋಗಿಗಳ ಟ್ರಯಲ್ ವರದಿ ಪ್ರಕಟವಾಯಿತು. ಹೊಟ್ಟೆಯ ತೊಂದರೆ ಕಡಿಮೆಯಾಗಿತ್ತು. ಆದರೆ ಹೃದಯಾಘಾತ, ನ್ಯಾಪ್ರಾಕ್ಸೆನ್ ಎಂಬ ಹಳೆಯ ನೋವಿನ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 0.1, ವಯಾಕ್ಸ್ ತೆಗೆದುಕೊಂಡವರಲ್ಲಿ ಶೇ. 0.4. ವಯಾಕ್ಸ್‌ನಿಂದ ಕೆಡುಕಾಗಿಲ್ಲ, ನ್ಯಾಪ್ರಾಕ್ಸೆನ್ನೇ ಹೃದಯ ಕಾಪಾಡಿರಬೇಕು ಅಂತ ವಿವರಣೆ ಕೊಟ್ಟರು. ಪ್ಲಸೀಬೊ, ಅಂದ್ರೆ ಔಷಧವಿಲ್ಲದ ಹುಸಿ ಮಾತ್ರೆ, ತೆಗೆದುಕೊಂಡ ಗುಂಪು ಇರಲಿಲ್ಲ, ಹಾಗಾಗಿ ಅಲ್ಲ ಅನ್ನುವುದೂ ಸುಲಭವಿರಲಿಲ್ಲ. ವಯಾಕ್ಸ್ ಗುಂಪಿನ ಇನ್ನೂ ಮೂರು ಹೃದಯಾಘಾತ ಆ ವರದಿಯೊಳಗೆ ಬರಲೇ ಇಲ್ಲ. ಹೃದಯದ ತೊಂದರೆಗಳ ಲೆಕ್ಕ ನಿಲ್ಲಿಸಿದ ದಿನಾಂಕದ ಆಚೆ ನಡೆದವಂತೆ. ವಿಚಿತ್ರ ಅಂದ್ರೆ, ಹೊಟ್ಟೆಯ ತೊಂದರೆಗಳ ಲೆಕ್ಕ ಅದಕ್ಕಿಂತ ಸುಮಾರು ಒಂದು ತಿಂಗಳು ಜಾಸ್ತಿ ನಡೆದಿತ್ತು! ಕೊನೆಗೆ ಪ್ಲಸೀಬೊ ಇದ್ದ ಇನ್ನೊಂದು ಟ್ರಯಲ್‌ನಲ್ಲಿ ಅಪಾಯ ಎದ್ದು ಕಂಡಿತು. 2004ರಲ್ಲಿ ಮಾತ್ರೆ ವಾಪಸ್ ಪಡೆದರು. ಅಷ್ಟರಲ್ಲಿ ಕೋಟ್ಯಂತರ ಜನ ನುಂಗಿಯಾಗಿತ್ತು.

ಹಾಗಂತ ಲಾಭ ಅಂದ ಕೂಡಲೇ ಮೂಗು ಮುರಿಯಬೇಡ. ಅಕೇಯೊಜೆನ್ ಅನ್ನುವ ಸಣ್ಣ ಕಂಪನಿ ಪ್ಲಾಜೊಮೈಸಿನ್ ಎಂಬ ಆಂಟಿಬಯಾಟಿಕ್ ತಂದಿತು. ಬೇರೆ ಔಷಧಕ್ಕೆ ಬಗ್ಗದ ಮೂತ್ರದ ಸೋಂಕಿಗೆ ಕೊಡುವಂಥದ್ದು. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿ. ಇಂಥ ಔಷಧವನ್ನು ವೈದ್ಯರು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ, ಎತ್ತಿಡಲೇಬೇಕು. ಮಾರಾಟ ಎಲ್ಲಿಂದ ಬರಬೇಕು? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರ್ಕಾರಗಳು ಮಾರಾಟಕ್ಕೆ ಗಂಟು ಹಾಕದೆ ದುಡ್ಡು ಕೊಡಬೇಕು ಅನ್ನುವವರ ಮಾತು ನನಗೆ ಒಪ್ಪಿಗೆ, ಅಷ್ಟೇ.

ನಿನ್ನ ಕೈಯಲ್ಲಿರುವುದು ಸಣ್ಣ ಕೆಲಸ. ಡೇಟಾ ತೆರೆಯುವ ಮೊದಲು ಪ್ರೊಟೊಕಾಲ್, ಅಂದ್ರೆ ಟ್ರಯಲ್ ಹೇಗೆ ನಡೆಸಬೇಕು ಅಂತ ಮೊದಲೇ ಬರೆದಿಟ್ಟ ಯೋಜನೆ, ಓದು. ಯಾವ ತೊಂದರೆಯ ಲೆಕ್ಕ ಯಾವ ದಿನಾಂಕಕ್ಕೆ ನಿಲ್ಲುತ್ತದೆ, ಆ ದಿನಾಂಕ ಯಾವಾಗ ಗೊತ್ತುಮಾಡಿದರು ಅಂತ ನೋಡು. ಬೇರೆ ಬೇರೆ ಇದ್ದರೆ ಯಾಕೆ ಅಂತ ಕೇಳು. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಕೇಳು.

ಇಂತಿ,
ನಿನ್ನ ದೊಡ್ಡಪ್ಪ