ಜಪಾನ್‌ಗೆ ಹೊರಟಿರುವ ಸದಸ್ಯರಿಗೆ: ರಾಮೆನ್, ಸುಶಿ ಊಟದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಫುಕುವೊಕಾ ನಗರದ ಎಷ್ಟೋ ರಾಮೆನ್ (ಬಿಸಿ ಸಾರಿನ ನೂಡಲ್ಸ್) ಅಂಗಡಿಗಳಲ್ಲಿ ಮೊದಲು ಬಾಗಿಲ ಬಳಿಯ ಯಂತ್ರದಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು. ಹಳೆಯ ಯಂತ್ರಗಳಿಗೆ ಕಾರ್ಡ್ ನಡೆಯುವುದಿಲ್ಲ, 1,000 ಯೆನ್ ನೋಟುಗಳನ್ನು ಇಟ್ಟುಕೊಂಡಿರಿ. ಟಿಕೆಟ್ ಕೊಡುವಾಗ ನೂಡಲ್ಸ್ ಎಷ್ಟು ಬೇಯಬೇಕೆಂದು ಕೇಳುತ್ತಾರೆ. 'ಕತ' ಅನ್ನಿ, ತುಸು ಗಟ್ಟಿಯಾಗಿ ಬರುತ್ತದೆ. ಅಲ್ಲಿನ ನೂಡಲ್ಸ್ ಬಲು ಸಣ್ಣ ಎಳೆಯದು. ಬಿಸಿ ಸಾರಿನಲ್ಲಿ ಕೆಲವೇ ನಿಮಿಷಕ್ಕೆ ಮೆತ್ತಗಾಗಿಬಿಡುತ್ತದೆ. ಹಾಗಾಗಿ ಫೋಟೊ ಒಂದೇ ಸಾಕು, ಬಂದ ಕೂಡಲೇ ತಿನ್ನಿ. ಸೊರ್ರನೆ ಹೀರಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೂ ಬೇಕಿದ್ದರೆ ಸಾರು ಉಳಿಸಿಕೊಂಡು 'ಕಾಯೆದಾಮ' ಕೇಳಿ, ನೂಡಲ್ಸ್ ಮಾತ್ರ ಮತ್ತೆ ಹಾಕುತ್ತಾರೆ.

ಸಸ್ಯಾಹಾರಿಗಳು ದಯವಿಟ್ಟು ಗಮನಿಸಿ: ಅಲ್ಲಿನ ತೊಂಕೊತ್ಸು ರಾಮೆನ್ ಸಾರೇ ಹಂದಿಮೂಳೆಯದು. ಮೇಲಿನ ಮಾಂಸದ ಹೋಳು ತೆಗೆಸಿ ಪ್ರಯೋಜನವಿಲ್ಲ. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಹಾಕಿದ ರಾಮೆನ್‌ಗೂ ಸಾಮಾನ್ಯವಾಗಿ ಹಂದಿ ಅಥವಾ ಕೋಳಿಯ ಸಾರೇ. ಸುಶಿ ಅಂಗಡಿಯಲ್ಲಿ ಸೌತೆಕಾಯಿಯ ಸುರುಳಿ ಸುಶಿ 'ಕಪ್ಪಾಮಾಕಿ' ಕೇಳಿ. ಮೊಟ್ಟೆ ತಿನ್ನುವವರೂ ಅಲ್ಲಿನ ಆಮ್ಲೆಟ್ ಬಿಡುವುದು ಒಳ್ಳೆಯದು, ಅದಕ್ಕೆ ಹೆಚ್ಚಾಗಿ ದಾಶಿ ಎಂಬ ಮೀನಿನ ಸಾರು ಬೆರೆಸಿರುತ್ತಾರೆ.

ನಿಗಿರಿ ಸುಶಿಯನ್ನು (ಅನ್ನದ ಉಂಡೆಯ ಮೇಲೆ ಮೀನಿನ ಹೋಳಿಟ್ಟದ್ದು) ಕೈಯಲ್ಲೇ ತಿನ್ನಬಹುದು. ಮೀನಿನ ಬದಿಯನ್ನಷ್ಟೇ ಸೋಯಾ ಸಾಸಿಗೆ ತಾಗಿಸಿ. ಅನ್ನ ಅದ್ದಿದರೆ ಉಪ್ಪು ಹೀರಿಕೊಂಡು ಉದುರಿಹೋಗುತ್ತದೆ. ಕೌಂಟರಿನಲ್ಲಿ ಮಾಡಿಕೊಡುವ ಸುಶಿಯಲ್ಲಿ ವಸಾಬಿ (ಖಾರದ ಹಸಿರು ಪೇಸ್ಟ್) ಒಳಗೇ ಇರುತ್ತದೆ. ಖಾರ ಬೇಡದವರು ಮೊದಲೇ 'ಸಾಬಿನುಕಿ' ಎನ್ನಿ. ಜೊತೆಗೆ ಕೊಡುವ ಶುಂಠಿಯನ್ನು ಸುಶಿಯ ಮೇಲಿಟ್ಟು ತಿನ್ನಬೇಡಿ, ಅದು ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಾಯಿರುಚಿ ಬದಲಿಸಲು. ಟಿಪ್ಸ್ ಇಡುವ ರೂಢಿ ಅಲ್ಲಿಲ್ಲ.